ಪ್ರತಿಜನಕ ಸಂಸ್ಕರಣೆ ಮತ್ತು ಪ್ರದರ್ಶನ: ಕೋಲಾರದ ಮೆದುಳು ಜ್ವರವನ್ನು ಮುಂದಿಟ್ಟುಕೊಂಡು

ಪ್ರತಿಜನಕ ಸಂಸ್ಕರಣೆ ಮತ್ತು ಪ್ರದರ್ಶನ ಎಂದರೆ ಜೀವಕೋಶಗಳು ಪ್ರೋಟೀನುಗಳನ್ನು ಕಿರುತುಣುಕುಗಳಾಗಿ ಕತ್ತರಿಸಿ, ಆ ತುಣುಕುಗಳನ್ನು ಎಂಎಚ್‌ಸಿ ಎಂಬ ಅಣುಗಳಲ್ಲಿ ಕೂರಿಸಿ, ಟಿ ಕೋಶಗಳಿಗೆ ಕಾಣುವ ಹಾಗೆ ತಮ್ಮ ಹೊರಮೈಯಲ್ಲಿ ಇಡುವ ಕ್ರಿಯೆ. ಆ ಪ್ರೋಟೀನು ಕೋಶದೊಳಗೇ ತಯಾರಾದದ್ದಿರಬಹುದು, ಹೊರಗಿನಿಂದ ನುಂಗಿಕೊಂಡದ್ದೂ ಇರಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯ ಅರ್ಧ ಭಾಗ ನಿಂತಿರುವುದೇ ಈ ಕ್ರಿಯೆಯ ಮೇಲೆ. ಪ್ರತಿಕಾಯಗಳು ರಕ್ತದಲ್ಲಿ ತೇಲುವ ವೈರಸ್ಸನ್ನು ಇಡಿಯಾಗಿ, ಅದರ ಹೊರ ಆಕಾರದಿಂದಲೇ ಗುರುತಿಸಿ ಹಿಡಿಯಬಲ್ಲವು. ವೈರಸ್ ಒಮ್ಮೆ ಕೋಶದ ಒಳಹೊಕ್ಕಿತೆಂದರೆ ಪ್ರತಿಕಾಯಗಳ ಕೈಗೆ ಅದು ಸಿಗುವುದಿಲ್ಲ. ಆಗ ಉಳಿಯುವ ದಾರಿ ಒಂದೇ: ಒಳಗೆ ಏನಿದೆ ಎಂಬುದನ್ನು ಸೋಂಕು ತಗುಲಿದ ಕೋಶವೇ ಹೊರಗೆ ತೋರಿಸಬೇಕು, ಅದನ್ನು ಓದಬಲ್ಲ ಟಿ ಕೋಶ ಬಂದು ಓದಬೇಕು.

ಕರ್ನಾಟಕದ ಓದುಗರಿಗೆ ಈ ವಿಷಯವನ್ನು ವಿವರಿಸಲು ಬೇರೆ ದೇಶದ ಉದಾಹರಣೆ ಬೇಕಿಲ್ಲ. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ಸಿನ ತಳಿಯೊಂದು 821564-ಎಕ್ಸ್‌ವೈ ಎಂಬ ಸಂಖ್ಯೆಯೊಂದಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಉಳಿಯಿತು. ಅದರಿಂದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಲಸಿಕೆ ಜೆನ್ವ್ಯಾಕ್ 2013ರಲ್ಲಿ ಬಳಕೆಗೆ ಬಂತು. ಅದೇ ವೈರಸ್ಸಿನ ವಿರುದ್ಧ ಟಿ ಕೋಶಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಮುಖ್ಯ ಸಂಶೋಧನೆಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್‌ಗಳಲ್ಲಿ ನಡೆದಿವೆ. ಪ್ರಯೋಗಾಲಯದ ಇಲಿಗಳಲ್ಲಿ ಕಂಡುಕೊಂಡ ತತ್ವವೊಂದು ಊರಿನ ಮಕ್ಕಳ ಬದುಕಿಗೆ ಹೇಗೆ ತಾಗುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ನಿದರ್ಶನ ಇನ್ನೊಂದಿಲ್ಲ.

ಕೋಲಾರದ ವೈರಸ್

ಭಾರತದಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್ ರೋಗವನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನಲ್ಲಿ. ಕೋಲಾರ ಜಿಲ್ಲೆಯಲ್ಲಿ 1977–78ರಲ್ಲಿ ದೊಡ್ಡ ಮಟ್ಟದಲ್ಲಿ ಕಾಣಿಸಿಕೊಂಡಾಗ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಬಂದು ಅಧ್ಯಯನ ಮಾಡಿದರು, ಎಸ್.ಆರ್. ಪ್ರಸಾದ್, ಎಸ್. ಜಾರ್ಜ್ ಮತ್ತು ಎನ್.ಪಿ. ಗುಪ್ತ ಅವರ ವರದಿ 1982ರಲ್ಲಿ ಪ್ರಕಟವಾಯಿತು. 1977ರಿಂದ 79ರವರೆಗೆ ಜಿಲ್ಲೆಯಲ್ಲಿ ಹಿಡಿದ ಸೊಳ್ಳೆಗಳಲ್ಲಿ ಈ ವೈರಸ್ ಮಾತ್ರವಲ್ಲ, ಅದರ ದಾಯಾದಿಯಾದ ವೆಸ್ಟ್ ನೈಲ್ ವೈರಸ್ಸೂ ಸಿಕ್ಕಿತು. ಈ ಎರಡನೆಯ ಸಂಗತಿಗೆ ಮುಂದೆ ಮಹತ್ವವಿದೆ. ಆಗಿನ ಕೋಲಾರ ಜಿಲ್ಲೆ ಎಂದರೆ ಚಿಕ್ಕಬಳ್ಳಾಪುರವೂ ಸೇರಿದ್ದ ಅವಿಭಜಿತ ಜಿಲ್ಲೆ ಎಂಬುದನ್ನು ಹಳೆಯ ವರದಿಗಳನ್ನು ಓದುವವರು ನೆನಪಿಡಬೇಕು. ಜಿಲ್ಲೆ ಒಡೆದದ್ದು 2007ರಲ್ಲಿ.

ಜನ ಇದನ್ನು ಮೆದುಳು ಜ್ವರ ಎನ್ನುತ್ತಾರೆ. ರೋಗ ಹರಡುವ ಬಗೆ ಈ ಸೀಮೆಯ ಭೂಲಕ್ಷಣಕ್ಕೆ ಹೊಂದಿಕೊಂಡಿದೆ. ಕೋಲಾರ ತಾಲ್ಲೂಕಿನ ವಕ್ಕಲೇರಿ ಹೋಬಳಿಯಿಂದ ಹಿಡಿದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರೆಗೆ ನದಿ ನೀರಾವರಿ ಇಲ್ಲದ ಈ ನಾಡು ಬದುಕಿದ್ದು ಕೆರೆಗಳಿಂದ. ಕೆರೆ ತುಂಬಿದ ವರ್ಷ ಅದರ ಕೆಳಗಿನ ಗದ್ದೆಬಯಲಲ್ಲಿ ನಾಟಿ ನಡೆಯುತ್ತದೆ; ನಿಂತ ನೀರಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಗದ್ದೆಗೆ ಇಳಿಯುವ ಬೆಳ್ಳಕ್ಕಿ, ಕೊಕ್ಕರೆಗಳು ವೈರಸ್ಸಿನ ಸಹಜ ನೆಲೆ. ಊರಂಚಿನ ಹಂದಿಗಳ ರಕ್ತದಲ್ಲಿ ಅದು ಹೇರಳವಾಗಿ ಹೆಚ್ಚುತ್ತದೆ. ಮನುಷ್ಯ ಈ ಸರಪಳಿಯ ಕೊನೆಯ ಕೊಂಡಿ: ಅವನ ರಕ್ತದಲ್ಲಿ ವೈರಸ್ ಸೊಳ್ಳೆಗೆ ಮರಳಿ ಅಂಟುವಷ್ಟು ಪ್ರಮಾಣದಲ್ಲಿ ಇರುವುದಿಲ್ಲ.

ಈ ಸೋಂಕು ತಗುಲಿದವರಲ್ಲಿ ಸುಮಾರು 250ಕ್ಕೆ ಒಬ್ಬರಿಗೆ ಮಾತ್ರ ರೋಗ ತೀವ್ರವಾಗುತ್ತದೆ. ಹಾಗೆ ಮೆದುಳಿನ ಉರಿಯೂತಕ್ಕೆ ತುತ್ತಾದವರಲ್ಲಿ ಶೇ. 30ರಷ್ಟು ಮಂದಿ ಸಾಯಬಹುದು; ಬದುಕಿ ಉಳಿದ ಮಕ್ಕಳಲ್ಲಿ ಅನೇಕರಿಗೆ ಮೂರ್ಛೆ, ಕೈಕಾಲಿನ ಬಿಗಿತ, ಮಾತು ಬುದ್ಧಿಗಳ ಕುಂದು ಜೀವನಪೂರ್ತಿ ಉಳಿಯುತ್ತದೆ. ಉಳಿದ 249 ಮಂದಿಗೆ ಸೋಂಕು ಬಂದದ್ದೇ ಗೊತ್ತಾಗುವುದಿಲ್ಲ, ಅಥವಾ ಎರಡು ದಿನದ ಜ್ವರವಾಗಿ ಹೋಗಿಬಿಡುತ್ತದೆ. ಆ 249 ಜನರ ದೇಹ ಸರಿಯಾಗಿ ಮಾಡಿದ್ದೇನು? ಉತ್ತರದ ಒಂದು ದೊಡ್ಡ ಪಾಲು ಪ್ರತಿಜನಕ ಪ್ರದರ್ಶನದಲ್ಲಿದೆ.

ಚರ್ಮದಿಂದ ದುಗ್ಧ ಗ್ರಂಥಿಗೆ

ಸೊಳ್ಳೆ ಕಚ್ಚಿದ ಜಾಗದಲ್ಲಿ, ಚರ್ಮದ ಪದರಗಳ ನಡುವೆ, ಕೈಚಾಚಿದಂತೆ ಕವಲೊಡೆದ ಡೆಂಡ್ರಿಟಿಕ್ ಕೋಶಗಳಿರುತ್ತವೆ. ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ 1973ರಲ್ಲಿ ಇವನ್ನು ಮೊದಲು ವಿವರಿಸಿದಾಗ ಹೆಚ್ಚಿನವರು ನಂಬಲಿಲ್ಲ. ಆಗ ಎಲ್ಲರ ಗಮನವೂ ಮ್ಯಾಕ್ರೊಫೇಜ್‌ಗಳ ಮೇಲಿತ್ತು. ಹೊಸ ಟಿ ಕೋಶವೊಂದನ್ನು ಮೊದಲ ಬಾರಿಗೆ ಕೆಲಸಕ್ಕೆ ಎಬ್ಬಿಸುವ ಶಕ್ತಿ ಡೆಂಡ್ರಿಟಿಕ್ ಕೋಶಗಳಿಗೇ ಹೆಚ್ಚು ಎಂಬುದು ನಿಧಾನಕ್ಕೆ ಸಾಬೀತಾಯಿತು. ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಘೋಷಣೆಯಾಗುವ ಮೂರು ದಿನ ಮುಂಚೆ ಅವರು ತೀರಿಕೊಂಡಿದ್ದರು.

ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಗ್ರಾಹಕಗಳು ಡೆಂಡ್ರಿಟಿಕ್ ಕೋಶವನ್ನು ಎಚ್ಚರಿಸುತ್ತವೆ. ಎಚ್ಚೆತ್ತ ಕೋಶ ಸುತ್ತಲಿನದನ್ನು ನುಂಗುವುದನ್ನು ಕಡಿಮೆ ಮಾಡಿ, ಸಿಸಿಆರ್7 ಎಂಬ ಗ್ರಾಹಕವನ್ನು ತೊಟ್ಟು, ದುಗ್ಧನಾಳದ ಮೂಲಕ ಹತ್ತಿರದ ದುಗ್ಧ ಗ್ರಂಥಿಗೆ ಹೊರಡುತ್ತದೆ. ಕಾಲಿಗೆ ಏಟಾದರೆ ತೊಡೆಯ ಸಂದಿಯಲ್ಲಿ ಗಡ್ಡೆ ಊದಿಕೊಳ್ಳುವುದು ಇದೇ ಸಂಚಾರದ ಫಲ. ಒಂದು ನಿರ್ದಿಷ್ಟ ತುಣುಕನ್ನು ಓದಬಲ್ಲ ಟಿ ಕೋಶಗಳು ದೇಹದಲ್ಲಿ ಲಕ್ಷಕ್ಕೆ ಒಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೆ ಒಂದರಂತೆ ಮಾತ್ರ ಇರುತ್ತವೆ. ಆ ಒಂದು ಕೋಶಕ್ಕೂ ಚರ್ಮದಿಂದ ಬಂದ ಈ ಡೆಂಡ್ರಿಟಿಕ್ ಕೋಶಕ್ಕೂ ಭೇಟಿಯಾಗುವುದು ದುಗ್ಧ ಗ್ರಂಥಿಯ ಇಕ್ಕಟ್ಟಿನಲ್ಲೇ. ಭೇಟಿಯಾದರೂ ತುಣುಕನ್ನು ತೋರಿಸಿದರಷ್ಟೇ ಸಾಲದು. ಡೆಂಡ್ರಿಟಿಕ್ ಕೋಶದ ಮೇಲಿನ ಸಿಡಿ80, ಸಿಡಿ86 ಅಣುಗಳು ಟಿ ಕೋಶದ ಸಿಡಿ28ಕ್ಕೆ ಎರಡನೆಯ ಸೂಚನೆ ಕೊಡಬೇಕು. ಆ ಸೂಚನೆ ಇಲ್ಲದೆ ತುಣುಕು ಮಾತ್ರ ಕಂಡರೆ ಟಿ ಕೋಶ ಜಡವಾಗಿಬಿಡುತ್ತದೆ. ದೇಹ ತನ್ನದೇ ಪ್ರೋಟೀನುಗಳ ಮೇಲೆ ಎಗರದಿರಲು ಇದೂ ಒಂದು ಕಾರಣ.

ಮೊದಲ ದಾರಿ: ಕೋಶದೊಳಗಿನ ಪ್ರೋಟೀನು

ಜೀವಂತ ವೈರಸ್ ಕೋಶವನ್ನು ಹೊಕ್ಕು ತನ್ನ ಸುಮಾರು 11,000 ಅಕ್ಷರಗಳ ಆರ್‌ಎನ್‌ಎಯನ್ನು ಕೋಶದ ರೈಬೋಸೋಮ್‌ಗಳಿಗೆ ಒಪ್ಪಿಸುತ್ತದೆ. ಅಲ್ಲಿ ಸುಮಾರು 3,400 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿ ತಯಾರಾಗಿ, ಬಳಿಕ ಹತ್ತು ಪ್ರೋಟೀನುಗಳಾಗಿ ತುಂಡಾಗುತ್ತದೆ. ಮೂರು ವೈರಸ್ಸಿನ ಮೈಕಟ್ಟಿಗೆ: ಕ್ಯಾಪ್ಸಿಡ್, ಪೊರೆಯ ಪ್ರೋಟೀನು, ಹೊದಿಕೆಯ ಪ್ರೋಟೀನು. ಉಳಿದ ಏಳು ಎನ್‌ಎಸ್1ರಿಂದ ಎನ್‌ಎಸ್5ರವರೆಗಿನ ಕೆಲಸಗಾರ ಪ್ರೋಟೀನುಗಳು. ಇವು ಕೋಶದೊಳಗೆ ವೈರಸ್ಸಿನ ಪ್ರತಿ ತೆಗೆಯುವ ಕೆಲಸ ಮಾಡುತ್ತವೆ, ಹೊರಬರುವ ವೈರಸ್ ಕಣದಲ್ಲಿ ಸೇರುವುದಿಲ್ಲ. ಲೇಖನದ ಮುಂದಿನ ಭಾಗ ಅರ್ಥವಾಗಲು ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು.

ಕೋಶ ತನ್ನ ಪ್ರೋಟೀನುಗಳನ್ನು ಸದಾ ಒಡೆದು ಹೊಸದು ಕಟ್ಟುತ್ತಿರುತ್ತದೆ. ಕೆಟ್ಟ, ತಪ್ಪಾಗಿ ಮಡಿಚಿದ, ಅವಧಿ ಮುಗಿದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟುತ್ತದೆ. ಗುರುತು ಬಿದ್ದದ್ದು ಪ್ರೋಟಿಯಸೋಮ್ ಎಂಬ ಕೊಳವೆಯೊಳಗೆ ಹೋಗುತ್ತದೆ. ಏಳೇಳು ಘಟಕಗಳ ನಾಲ್ಕು ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಈ ಯಂತ್ರದ ನಡುವಿನ ಎರಡು ಬಳೆಗಳ ಒಳಬದಿಯಲ್ಲಿ ಕತ್ತರಿಗಳಿರುತ್ತವೆ. ವೈರಸ್ಸಿನ ಪ್ರೋಟೀನುಗಳೂ ಇಲ್ಲಿಗೆ ಬರುತ್ತವೆ; ಕೋಶ ಅವಕ್ಕೆ ಬೇರೆ ದಾರಿ ಇಟ್ಟಿಲ್ಲ.

ಸೋಂಕಿನ ಸುದ್ದಿ ಹರಡಿ ಇಂಟರ್‌ಫೆರಾನ್-ಗಾಮಾ ಬಂದಾಗ ಈ ಯಂತ್ರದ ಮೂರು ಕತ್ತರಿಗಳು ಬದಲಾಗುತ್ತವೆ. ಎಲ್‌ಎಂಪಿ2, ಎಲ್‌ಎಂಪಿ7 ಮೊದಲೇ ತಿಳಿದಿದ್ದವು. ಮೂರನೆಯದಾದ ಎಂಇಸಿಎಲ್-1 ಕೂಡ ಇಂಟರ್‌ಫೆರಾನ್‌ನಿಂದ ಬರುವ ಘಟಕ ಎಂದು 1996ರಲ್ಲಿ ಗುರುತಿಸಿದ ಪ್ರಬಂಧದ ಮೊದಲ ಲೇಖಕ ದೀಪಂಕರ್ ನಂದಿ. ಅಮೆರಿಕದಲ್ಲಿ ಜಾನ್ ಮೊನಾಕೊ ಅವರೊಡನೆ ಈ ಕೆಲಸ ಮಾಡಿದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕರಾದರು. ಹೊಸ ಕತ್ತರಿಗಳು ತುಣುಕಿನ ಕೊನೆಯಲ್ಲಿ ನೀರೊಲ್ಲದ ಇಲ್ಲವೇ ಧನ ವಿದ್ಯುದಂಶದ ಅಮೈನೋ ಆಮ್ಲ ಉಳಿಯುವಂತೆ ಹೆಚ್ಚಾಗಿ ಕತ್ತರಿಸುತ್ತವೆ. ಎಂಎಚ್‌ಸಿ ಅಣುವಿನ ತೋಡಿಗೆ ಕೂರುವುದು ಅಂಥ ಕೊನೆಯೇ.

ಕತ್ತರಿಸಿದ ತುಣುಕುಗಳಲ್ಲಿ ಬಹುಪಾಲು ಇನ್ನೂ ಚೂರಾಗಿ ಹೊಸ ಪ್ರೋಟೀನಿನ ಕಚ್ಚಾವಸ್ತುವಾಗುತ್ತವೆ. ಕೆಲವೇ ಕೆಲವು ಟ್ಯಾಪ್ ಎಂಬ ಸಾಗಣೆ ಪ್ರೋಟೀನಿನ ಮೂಲಕ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದೊಳಗೆ ದಾಟುತ್ತವೆ. ಅಲ್ಲಿ ಎಂಎಚ್‌ಸಿ-1 ಅಣು ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಎಂಬ ಜೊತೆಗಾರ ಪ್ರೋಟೀನಿನೊಂದಿಗೆ ಬಾಯಿ ತೆರೆದು ಕಾದಿರುತ್ತದೆ. ಟಪಾಸಿನ್ ಅದನ್ನು ಟ್ಯಾಪ್‌ನ ಬಾಯಿಗೆ ಹತ್ತಿರ ಹಿಡಿದಿರುತ್ತದೆ. ಕ್ಯಾಲ್‌ರೆಟಿಕ್ಯುಲಿನ್ ಮತ್ತು ಇಆರ್‌ಪಿ57 ಅದರ ಆಕಾರ ಕೆಡದಂತೆ ಕಾಯುತ್ತವೆ. ತುಣುಕು ಉದ್ದವಿದ್ದರೆ ಇಆರ್‌ಎಪಿ1 ಕಿಣ್ವ ಅದರ ತುದಿಯನ್ನು ಸವರಿ ಎಂಟರಿಂದ ಹತ್ತು ಅಮೈನೋ ಆಮ್ಲಗಳ ಅಳತೆಗೆ ತರುತ್ತದೆ. ಹೆಚ್ಚಿನವು ಒಂಬತ್ತರ ಉದ್ದದವು. ಸಡಿಲವಾಗಿ ಕೂತ ತುಣುಕನ್ನು ಕಳಚಿ, ಬಿಗಿಯಾಗಿ ಕೂರುವುದು ಸಿಗುವವರೆಗೆ ಈ ಅದಲುಬದಲು ನಡೆಯುತ್ತದೆ. ಬಿಗಿಯಾದದ್ದು ಕೂತ ಮೇಲೆಯೇ ಅಣುವಿಗೆ ಹೊರಮೈಗೆ ಹೋಗಲು ಬಿಡುಗಡೆ.

ಒಂದು ಕೋಶದ ಮೈಮೇಲೆ ಇಂಥ ಅಣುಗಳು ಲಕ್ಷದ ಲೆಕ್ಕದಲ್ಲಿ ಇರುತ್ತವೆ. ಆರೋಗ್ಯವಂತ ಕೋಶದಲ್ಲಿ ಎಲ್ಲವೂ ಸ್ವಂತ ಪ್ರೋಟೀನಿನ ತುಣುಕುಗಳೇ. ಕೋಲಾರದ ಟೊಮೆಟೊ ಮಂಡಿಯಲ್ಲಿ ಕೊಳ್ಳುವವನು ತೋಟಕ್ಕೆ ಹೋಗುವುದಿಲ್ಲ, ಎದುರಿಗಿಟ್ಟ ಬಾಕ್ಸಿನ ಹಣ್ಣು ನೋಡಿಯೇ ಇಡೀ ಫಸಲಿನ ಹಣೆಬರಹ ನಿರ್ಧರಿಸುತ್ತಾನೆ. ಈ ಅಣುಗಳನ್ನು ಓದುವ ಸಿಡಿ8 ಟಿ ಕೋಶವೂ ಹಾಗೆಯೇ ಮೈಮೇಲಿನ ಮಾದರಿ ನೋಡಿ ಒಳಗಿನದನ್ನು ತಿಳಿಯುತ್ತದೆ. ಲಕ್ಷದಲ್ಲಿ ಬೆರಳೆಣಿಕೆಯ ಅಣುಗಳು ವೈರಸ್ಸಿನ ತುಣುಕನ್ನು ಹಿಡಿದಿದ್ದರೂ ಅದಕ್ಕೆ ಸಾಕು. ಅದು ಪರ್ಫೊರಿನ್ ಎಂಬ ಪ್ರೋಟೀನಿನಿಂದ ಪೊರೆಗೆ ರಂಧ್ರ ಮಾಡಿ, ಗ್ರಾನ್‌ಜೈಮ್‌ಗಳನ್ನು ಒಳಗೆ ಬಿಟ್ಟು ಕೋಶವನ್ನು ಸಾಯಿಸುತ್ತದೆ. ಹೊಸ ವೈರಸ್ ಕಣಗಳು ಪೂರ್ತಿ ತಯಾರಾಗುವ ಮುನ್ನವೇ ಈ ಕೆಲಸ ಆಗಬೇಕು.

ಈ ದಾರಿಯ ಇತಿಹಾಸದಲ್ಲಿ ಮೂರು ಮೈಲಿಗಲ್ಲುಗಳನ್ನು ಹೇಳಲೇಬೇಕು. 1974ರಲ್ಲಿ ಕ್ಯಾನ್‌ಬೆರಾದಲ್ಲಿ ರೋಲ್ಫ್ ಝಿಂಕರ್‌ನಾಗೆಲ್ ಮತ್ತು ಪೀಟರ್ ಡೋಹರ್ಟಿ ಇಲಿಗಳ ಮೆದುಳಿನ ಸೋಂಕೊಂದನ್ನು ಅಭ್ಯಾಸ ಮಾಡುತ್ತ, ಟಿ ಕೋಶ ವೈರಸ್ಸನ್ನು ಮಾತ್ರ ನೋಡುವುದಿಲ್ಲ, ತನ್ನದೇ ದೇಹದ ಎಂಎಚ್‌ಸಿ ಅಣುವಿನ ಜೊತೆಯಲ್ಲಿ ನೋಡುತ್ತದೆ ಎಂದು ತೋರಿಸಿದರು. 1996ರ ನೊಬೆಲ್ ಅದಕ್ಕೆ ಸಂದಿತು. 1986ರಲ್ಲಿ ಆಕ್ಸ್‌ಫರ್ಡಿನ ಅಲೆನ್ ಟೌನ್‌ಸೆಂಡ್ ಮತ್ತು ಸಂಗಡಿಗರು ಇನ್‌ಫ್ಲುಯೆಂಜಾ ವೈರಸ್ಸಿನ ಒಳಗಿನ ಪ್ರೋಟೀನಿನ ಸಣ್ಣ ತುಣುಕನ್ನು ಕೃತಕವಾಗಿ ತಯಾರಿಸಿ ಕೋಶಕ್ಕೆ ಹಚ್ಚಿದರೂ ಟಿ ಕೋಶ ಮೋಸಹೋಗುತ್ತದೆ ಎಂದು ಸಾಧಿಸಿದರು. ಅಂದರೆ ಟಿ ಕೋಶ ಓದುವುದು ಇಡೀ ಪ್ರೋಟೀನನ್ನಲ್ಲ, ತುಣುಕನ್ನು. 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜ್ಯಾಕ್ ಸ್ಟ್ರೋಮಿಂಜರ್ ತಂಡ ಎಚ್‌ಎಲ್‌ಎ-ಎ2 ಅಣುವಿನ ಸ್ಫಟಿಕ ಚಿತ್ರ ಪ್ರಕಟಿಸಿದಾಗ ಅದರ ತಲೆಯ ಮೇಲೊಂದು ತೋಡು, ತೋಡಿನೊಳಗೆ ಏನೋ ಕೂತಿರುವ ಗುರುತು ಎಲ್ಲರಿಗೂ ಕಂಡಿತು. ಹದಿಮೂರು ವರ್ಷದ ಊಹೆ ಕಣ್ಣಿಗೆ ಕಾಣುವ ವಸ್ತುವಾದದ್ದು ಆಗ.

ಎರಡನೆಯ ದಾರಿ: ಹೊರಗಿನಿಂದ ಬಂದ ಪ್ರೋಟೀನು

ಜೆನ್ವ್ಯಾಕ್ ಲಸಿಕೆಯಲ್ಲಿರುವ ವೈರಸ್ ಜೀವಂತವಲ್ಲ. ಕೋಲಾರದ ತಳಿಯನ್ನು ವೀರೋ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ, ಅಲ್ಯೂಮಿನಿಯಂ ಲವಣದೊಂದಿಗೆ ಬೆರೆಸಿರುತ್ತಾರೆ. ಅದು ಕೋಶವನ್ನು ಹೊಕ್ಕು ಪ್ರೋಟೀನು ತಯಾರಿಸಲಾರದು. ಹಾಗಾಗಿ ಮಗುವಿನ ತೋಳಿನಲ್ಲಿ ಅದು ಹಿಡಿಯುವುದು ಮುಖ್ಯವಾಗಿ ಎರಡನೆಯ ದಾರಿ.

ಡೆಂಡ್ರಿಟಿಕ್ ಕೋಶ, ಮ್ಯಾಕ್ರೊಫೇಜ್, ಬಿ ಕೋಶ: ಈ ಮೂರು ಬಗೆಯ ಕೋಶಗಳು ಹೊರಗಿನ ಕಣವನ್ನು ಪೊರೆಯ ಚೀಲದೊಳಗೆ ಎಳೆದುಕೊಳ್ಳುತ್ತವೆ. ಚೀಲ ಒಳಗೆ ಸರಿದಂತೆ ಆಮ್ಲೀಯವಾಗುತ್ತ ಹೋಗುತ್ತದೆ. ಕ್ಯಾಥೆಪ್ಸಿನ್ ಕಿಣ್ವಗಳು ಪ್ರೋಟೀನನ್ನು ಕತ್ತರಿಸುತ್ತವೆ. ಇದಕ್ಕೆ ಸಮಯ ಬೇಕು, ಆಮ್ಲವೂ ಬೇಕು ಎಂಬುದನ್ನು ಎಮಿಲ್ ಉನಾನ್ಯೂ ಮತ್ತು ಕರ್ಕ್ ಝೀಗ್ಲರ್ 1980ರ ದಶಕದ ಮೊದಲಲ್ಲಿ ಸರಳ ಪ್ರಯೋಗದಿಂದ ತೋರಿಸಿದರು: ಲಿಸ್ಟೀರಿಯಾ ಬ್ಯಾಕ್ಟೀರಿಯವನ್ನು ನುಂಗಿದ ಮ್ಯಾಕ್ರೊಫೇಜ್‌ಗಳಿಗೆ ಕ್ಲೋರೊಕ್ವಿನ್ ಕೊಟ್ಟರೆ ಪ್ರದರ್ಶನ ಕುಗ್ಗಿಬಿಡುತ್ತದೆ. ಮಲೇರಿಯಾಕ್ಕೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುತ್ತಿದ್ದ ಮಾತ್ರೆಯೇ ಅದು. ಚೀಲದ ಆಮ್ಲೀಯತೆಯನ್ನು ತಗ್ಗಿಸುವುದು ಅದರ ಗುಣ.

ಎಂಎಚ್‌ಸಿ-2 ಅಣು ಹುಟ್ಟುವುದೂ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ. ಅಲ್ಲಿ ಮೊದಲ ದಾರಿಯ ತುಣುಕುಗಳು ಅದರಲ್ಲಿ ಕೂರದಂತೆ ಇನ್‌ವೇರಿಯಂಟ್ ಸರಪಳಿ ಎಂಬ ಪ್ರೋಟೀನು ತೋಡನ್ನು ಮುಚ್ಚಿಟ್ಟು, ಅಣುವನ್ನು ಆಮ್ಲೀಯ ಚೀಲದ ಕಡೆಗೆ ಕರೆದೊಯ್ಯುತ್ತದೆ. ಚೀಲದಲ್ಲಿ ಸರಪಳಿ ಕತ್ತರಿಸಿ ಹೋಗಿ, ಕ್ಲಿಪ್ ಎಂಬ ಅದರ ಒಂದು ಚೂರು ಮಾತ್ರ ತೋಡಿನಲ್ಲಿ ಉಳಿಯುತ್ತದೆ. ಎಚ್‌ಎಲ್‌ಎ-ಡಿಎಂ ಎಂಬ ಅಣು ಕ್ಲಿಪ್ಪನ್ನು ಕಿತ್ತು, ಹೊರಗಿನಿಂದ ಬಂದ ತುಣುಕಿಗೆ ಜಾಗ ಮಾಡಿಕೊಡುತ್ತದೆ. ಈ ತೋಡಿನ ಎರಡೂ ತುದಿ ತೆರೆದಿರುವುದರಿಂದ ತುಣುಕು ಉದ್ದವಿರಬಹುದು: ಹದಿಮೂರರಿಂದ ಇಪ್ಪತ್ತೈದರವರೆಗೆ.

ಇದನ್ನು ಓದುವುದು ಸಿಡಿ4 ಟಿ ಕೋಶ, ಅಂದರೆ ನೆರವಿನ ಕೋಶ. ಬಿ ಕೋಶದೊಂದಿಗೆ ಅದರ ವ್ಯವಹಾರ ವಿಶೇಷ. ವೈರಸ್ಸಿನ ಹೊದಿಕೆಯನ್ನು ತನ್ನ ಗ್ರಾಹಕದಿಂದ ಹಿಡಿದ ಬಿ ಕೋಶ ಇಡೀ ಕಣವನ್ನು ನುಂಗಿ, ಕತ್ತರಿಸಿ, ತುಣುಕುಗಳನ್ನು ಎಂಎಚ್‌ಸಿ-2ರಲ್ಲಿ ತೋರಿಸುತ್ತದೆ. ಅದೇ ತುಣುಕಿಗಾಗಿ ಮೊದಲೇ ಎಚ್ಚೆತ್ತ ನೆರವಿನ ಕೋಶ ಬಂದು ಒಪ್ಪಿಗೆ ಕೊಟ್ಟ ಮೇಲೆ ಆ ಬಿ ಕೋಶ ವೃದ್ಧಿಯಾಗಿ, ಪ್ರತಿಕಾಯವನ್ನು ಮೊನಚುಗೊಳಿಸುತ್ತ, ವರ್ಷಗಟ್ಟಲೆ ಉಳಿಯುವ ಸ್ಮೃತಿಯನ್ನು ಕಟ್ಟುತ್ತದೆ. ಲಸಿಕೆಯಿಂದ ಬರುವ ಉತ್ತಮ ಪ್ರತಿಕಾಯ ಎಂದು ನಾವು ಅಳೆಯುವುದರ ಹಿಂದೆ ಈ ಪ್ರದರ್ಶನ ಇದ್ದೇ ಇರುತ್ತದೆ. ಪ್ರತಿಕಾಯವನ್ನೂ ಟಿ ಕೋಶವನ್ನೂ ಎರಡು ಬೇರೆ ಪಡೆಗಳೆಂದು ಶಾಲೆಯಲ್ಲಿ ಕಲಿಸುವಾಗ ಈ ನಂಟು ಬಿಟ್ಟುಹೋಗುತ್ತದೆ.

ಇವೆರಡರ ನಡುವೆ ಒಂದು ಅಡ್ಡದಾರಿಯೂ ಉಂಟು. ವೈರಸ್ ತನ್ನನ್ನು ಹೊಕ್ಕದಿದ್ದರೂ, ಸತ್ತ ಸೋಂಕಿತ ಕೋಶದ ಚೂರುಗಳನ್ನು ನುಂಗಿದ ಡೆಂಡ್ರಿಟಿಕ್ ಕೋಶ ಅವನ್ನು ಎಂಎಚ್‌ಸಿ-1ರಲ್ಲೂ ತೋರಿಸಬಲ್ಲದು. ಮೈಕೆಲ್ ಬೆವನ್ 1976ರಲ್ಲಿ ಕಂಡ ಈ ಅಡ್ಡ ಪ್ರದರ್ಶನ ಇರದಿದ್ದರೆ, ಡೆಂಡ್ರಿಟಿಕ್ ಕೋಶಗಳಿಗೆ ಸೋಂಕದ ವೈರಸ್ಸುಗಳ ವಿರುದ್ಧ ಸಿಡಿ8 ಕೋಶಗಳನ್ನು ಎಬ್ಬಿಸುವವರೇ ಇರುತ್ತಿರಲಿಲ್ಲ.

ಬೆಂಗಳೂರಿನ ಪ್ರಯೋಗಗಳು

ರೋಗ ಬಾರದೆ ಸೋಂಕು ದಾಟಿದವರ ಟಿ ಕೋಶಗಳು ವೈರಸ್ಸಿನ ಯಾವ ಪ್ರೋಟೀನನ್ನು ಓದುತ್ತವೆ? ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶ ಜೀವವಿಜ್ಞಾನ ವಿಭಾಗದ ವಿಜಯಾ ಸಚ್ಚಿದಾನಂದಂ ಅವರ ತಂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅಡಚಣೆ ಎಲ್ಲಿತ್ತೆಂದರೆ, ರಕ್ತದಿಂದ ತೆಗೆದ ಕೋಶಗಳಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ ವೈರಸ್ ಪ್ರೋಟೀನನ್ನು ಹೊರಗಿನಿಂದ ಕೊಟ್ಟರೆ ಅದು ಎರಡನೆಯ ದಾರಿಯನ್ನು ಹಿಡಿದು ಸಿಡಿ4 ಕೋಶಗಳಿಗಷ್ಟೇ ಕಾಣುತ್ತದೆ. ಸಿಡಿ8 ಕೋಶಗಳನ್ನು ಪರೀಕ್ಷಿಸಬೇಕೆಂದರೆ ಪ್ರೋಟೀನು ಕೋಶದ್ರವಕ್ಕೇ ತಲುಪಬೇಕು. ಎಚ್‌ಐವಿಯ ಟ್ಯಾಟ್ ಪ್ರೋಟೀನಿನಲ್ಲಿ ಪೊರೆಗಳನ್ನು ದಾಟಿಸುವ ಒಂದು ಚಿಕ್ಕ ಭಾಗವಿದೆ. ಅದನ್ನು ಮೆದುಳು ಜ್ವರದ ವೈರಸ್ಸಿನ ಪ್ರೋಟೀನುಗಳಿಗೆ ಜೋಡಿಸಿ, ಪೊರೆ ದಾಟಿಸಿ, ಪ್ರೋಟಿಯಸೋಮ್‌ನ ಬಾಯಿಗೆ ಸಿಗುವಂತೆ ಮಾಡಿದರು. 2004ರಲ್ಲಿ ಪ್ರಕಟವಾದ ಈ ಪ್ರಬಂಧಗಳ ಮೊದಲ ಲೇಖಕಿ ಪ್ರೀತಿ ಕುಮಾರ್. ಎರಡು ದಾರಿಗಳ ಭೇದ ಪಠ್ಯಪುಸ್ತಕದ ಚಿತ್ರವಾಗಿ ಉಳಿಯದೆ, ಪ್ರಯೋಗದ ವಿನ್ಯಾಸವನ್ನೇ ನಿರ್ಧರಿಸುವ ಸಂಗತಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಸಿಕ್ಕ ಉತ್ತರ ಎನ್‌ಎಸ್3. ಅದರಲ್ಲೂ 193ರಿಂದ 324ರವರೆಗಿನ ಅಮೈನೋ ಆಮ್ಲಗಳ ಪಟ್ಟಿಯಿಂದ ಬಂದ ತುಣುಕುಗಳನ್ನು ಆರೋಗ್ಯವಂತರ ಸಿಡಿ4, ಸಿಡಿ8 ಎರಡೂ ಬಗೆಯ ಕೋಶಗಳು ಹೆಚ್ಚಾಗಿ ಓದುತ್ತಿದ್ದವು. ರೋಗದಿಂದ ನರದೌರ್ಬಲ್ಯ ಉಳಿದವರಲ್ಲಿ ಎನ್‌ಎಸ್3ಕ್ಕೆ ಎದ್ದ ಕೋಶಗಳ ಪ್ರತಿಕ್ರಿಯೆ ಕುಂದಿತ್ತು ಎಂಬುದನ್ನೂ ಅದೇ ವರ್ಷ ಇದೇ ಗುಂಪು ವರದಿ ಮಾಡಿತು.

2016ರಲ್ಲಿ ಲಾನ್ಸ್ ಟರ್ಟಲ್, ಟಾಮ್ ಸಾಲೊಮನ್, ಸಚ್ಚಿದಾನಂದಂ ಹಾಗೂ ನಿಮ್ಹಾನ್ಸ್‌ನ ವಿ. ರವಿ, ಅನಿತಾ ದೇಸಾಯಿ ಮೊದಲಾದವರು ಸೇರಿ ವೈರಸ್ಸಿನ ಇಡೀ ಸರಪಳಿಯನ್ನು ಆವರಿಸುವ ಕೃತಕ ತುಣುಕುಗಳ ಸಂಗ್ರಹದಿಂದ ಪರೀಕ್ಷೆ ನಡೆಸಿದರು. ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಸೋಂಕು ತಗುಲಿಯೂ ಆರೋಗ್ಯವಾಗಿದ್ದವರಲ್ಲಿ ಪ್ರತಿಕ್ರಿಯೆ ಹೆಚ್ಚಾಗಿ ಸಿಡಿ8 ಕೋಶಗಳದ್ದು; ಅವು ಓದುತ್ತಿದ್ದದ್ದು ಕೆಲಸಗಾರ ಪ್ರೋಟೀನುಗಳ ತುಣುಕುಗಳನ್ನು. ಮೆದುಳಿನ ಉರಿಯೂತ ಬಂದು ಗುಣವಾದವರಲ್ಲಿ ಪ್ರತಿಕ್ರಿಯೆ ಹೆಚ್ಚಾಗಿ ಸಿಡಿ4 ಕೋಶಗಳದ್ದು. ಅವು ಓದುತ್ತಿದ್ದದ್ದು ಮೈಕಟ್ಟಿನ ಪ್ರೋಟೀನುಗಳನ್ನು ಮತ್ತು ಹೊರಗೆ ಸ್ರವಿಸುವ ಎನ್‌ಎಸ್1 ಅನ್ನು. ರೋಗಿಗಳಲ್ಲೂ ಸಿಡಿ4 ಕೋಶಗಳು ಏಕಕಾಲಕ್ಕೆ ಹಲವು ಕೆಲಸ ಮಾಡಬಲ್ಲವಾಗಿದ್ದವರು ಪೂರ್ತಿ ಚೇತರಿಸಿಕೊಂಡಿದ್ದರು. ಇನ್ನೊಂದು ಸಂಗತಿ: ಆರೋಗ್ಯವಂತರ ಟಿ ಕೋಶಗಳು ಡೆಂಗಿ ವೈರಸ್ಸಿನ ತುಣುಕುಗಳನ್ನೂ ಗುರುತಿಸುತ್ತಿದ್ದವು, ವೆಸ್ಟ್ ನೈಲ್ ಮತ್ತು ಝಿಕಾ ವೈರಸ್ಸುಗಳಲ್ಲೂ ಹೋಲುವ ತುಣುಕುಗಳಿದ್ದವು. ಹೊದಿಕೆಯ ಪ್ರೋಟೀನಿಗಿಂತ ಕೆಲಸಗಾರ ಪ್ರೋಟೀನುಗಳು ಈ ಕುಲದ ವೈರಸ್ಸುಗಳಲ್ಲಿ ಒಂದನ್ನೊಂದು ಹೆಚ್ಚು ಹೋಲುತ್ತವೆ. ಡೆಂಗಿ, ವೆಸ್ಟ್ ನೈಲ್, ಮೆದುಳು ಜ್ವರ ಮೂರೂ ಸುಳಿದಾಡಿರುವ ಕೋಲಾರದಂಥ ಜಿಲ್ಲೆಯಲ್ಲಿ ಒಬ್ಬನ ಟಿ ಕೋಶಗಳ ನೆನಪು ಒಂದೇ ರೋಗದ್ದಾಗಿರಲು ಸಾಧ್ಯವಿಲ್ಲ.

ಮೆದುಳಿನ ಕಷ್ಟ

ಮೈಯ ಬಹುತೇಕ ಎಲ್ಲ ಕೋಶಗಳೂ ಎಂಎಚ್‌ಸಿ-1 ಅಣುಗಳನ್ನು ತೊಟ್ಟಿರುತ್ತವೆ. ನರಕೋಶಗಳಲ್ಲಿ ಅದು ತೀರಾ ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ: ನರಕೋಶ ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ, ಸಿಡಿ8 ಕೋಶಗಳ ಕೊಲ್ಲುವ ಕೆಲಸ ಅಲ್ಲಿ ಲಾಭಕ್ಕಿಂತ ನಷ್ಟವನ್ನೇ ತಂದೀತು. ಆದರೆ ಈ ರಿಯಾಯಿತಿಯಿಂದಾಗಿಯೇ ಒಮ್ಮೆ ಮೆದುಳಿಗೆ ತಲುಪಿದ ವೈರಸ್ಸನ್ನು ತೆಗೆಯುವುದು ನಿಧಾನವಾಗುತ್ತದೆ.

ಕೆಲವು ವೈರಸ್ಸುಗಳು ಪ್ರದರ್ಶನವನ್ನೇ ತಡೆಯುತ್ತವೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ತನ್ನ ಐಸಿಪಿ47 ಪ್ರೋಟೀನಿನಿಂದ ಟ್ಯಾಪ್‌ನ ದಾರಿಯನ್ನು ಮುಚ್ಚುತ್ತದೆ. ಸೈಟೊಮೆಗಲೊವೈರಸ್ ಎಂಎಚ್‌ಸಿ-1 ಅಣುಗಳನ್ನೇ ಎಳೆದು ಪ್ರೋಟಿಯಸೋಮ್‌ಗೆ ತಳ್ಳುತ್ತದೆ. ಮೆದುಳು ಜ್ವರದ ವೈರಸ್ ಸೇರಿರುವ ಕುಲದ ಫ್ಲೇವಿವೈರಸ್ಸುಗಳು ಹೀಗೆ ಮಾಡುವುದಿಲ್ಲ, ತದ್ವಿರುದ್ಧವಾಗಿ ಸೋಂಕಿದ ಕೋಶದ ಎಂಎಚ್‌ಸಿ-1 ಪ್ರಮಾಣವನ್ನು ಏರಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಮಂಜುನಾಥ್ ಅವರ ಪ್ರಯೋಗಾಲಯ ಇಲಿಯ ಮೆದುಳಿನ ಆಸ್ಟ್ರೊಸೈಟ್ ಕೋಶಗಳಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ ಇದನ್ನು ಮಾಡುವುದನ್ನು 2006ರಲ್ಲಿ ತೋರಿಸಿತು. 2010ರಲ್ಲಿ, ಈ ಏರಿಕೆಗೆ ಕಾರಣ ಮೊದಲನೆಯ ಬಗೆಯ ಇಂಟರ್‌ಫೆರಾನ್‌ನ ಹಾದಿ ಎಂದು ಅದೇ ತಂಡ ನಿರೂಪಿಸಿತು. ಎಂಎಚ್‌ಸಿ ಕಡಿಮೆಯಿರುವ ಕೋಶಗಳನ್ನು ಹುಡುಕಿ ಕೊಲ್ಲುವ ಎನ್‌ಕೆ ಕೋಶಗಳಿಂದ ಮೊದಲ ಕೆಲವು ದಿನ ತಪ್ಪಿಸಿಕೊಳ್ಳಲು ಈ ಏರಿಕೆ ವೈರಸ್ಸಿಗೆ ಅನುಕೂಲ ಎಂಬ ವಾದವಿದೆ. ಸಿಡಿ8 ಕೋಶಗಳು ಬರುವ ಹೊತ್ತಿಗೆ ವೈರಸ್ ಮುಂದಕ್ಕೆ ಸಾಗಿರುತ್ತದೆ.

ಒಬ್ಬೊಬ್ಬರಲ್ಲಿ ಒಂದೊಂದು ಬಗೆ

ಮನುಷ್ಯರ ಎಂಎಚ್‌ಸಿ ಅಣುಗಳನ್ನು ಎಚ್‌ಎಲ್‌ಎ ಎನ್ನುತ್ತಾರೆ. ಇವುಗಳ ವಂಶವಾಹಿಗಳು ಆರನೇ ವರ್ಣತಂತುವಿನಲ್ಲಿವೆ. ಈವರೆಗೆ 40,000ಕ್ಕೂ ಹೆಚ್ಚು ರೂಪಗಳು ದಾಖಲಾಗಿವೆ. ತೋಡಿನ ಆಕಾರ ಬದಲಾದರೆ ಅದರಲ್ಲಿ ಕೂರುವ ತುಣುಕೂ ಬದಲಾಗುತ್ತದೆ. ಹಾಗಾಗಿ ಒಂದೇ ಸೊಳ್ಳೆ ಕಚ್ಚಿದ ಅಣ್ಣ ತಮ್ಮಂದಿರಲ್ಲೂ ಟಿ ಕೋಶಗಳಿಗೆ ಕಾಣುವ ವೈರಸ್ ಬೇರೆ ಬೇರೆಯಾಗಿರಬಹುದು. ಒಂದೇ ವೈರಸ್ ಇಡೀ ಊರನ್ನು ಅಳಿಸಿಹಾಕದಿರಲು ಈ ವೈವಿಧ್ಯವೂ ಕಾರಣ. ಅಸ್ಥಿಮಜ್ಜೆ ಅಥವಾ ಮೂತ್ರಪಿಂಡ ಕಸಿಗೆ ಹೊಂದುವ ದಾನಿ ಸಿಗದಿರುವುದಕ್ಕೂ ಅದೇ ಕಾರಣ.

ಮೆದುಳು ಜ್ವರದ ಬಳಿಕ ಮೂರ್ಛೆ ಉಳಿದ ಮಕ್ಕಳ ಮನೆಯವರು ತಿಳಿದಿರಬೇಕಾದ ಒಂದು ಉದಾಹರಣೆ ಇಲ್ಲಿದೆ. ಮೂರ್ಛೆಗೆ ಕೊಡುವ ಕಾರ್ಬಮಜೆಪಿನ್ ಔಷಧ ಎಚ್‌ಎಲ್‌ಎ-ಬಿ*15:02 ರೂಪ ಇರುವವರಲ್ಲಿ ಆ ಅಣುವಿಗೆ ಅಂಟಿಕೊಂಡು ಟಿ ಕೋಶಗಳನ್ನು ಕೆರಳಿಸಿ, ಮೈಚರ್ಮ, ಬಾಯಿ, ಕಣ್ಣಿನ ಪೊರೆಗಳು ಸುಲಿದುಬರುವ ಸ್ಟೀವನ್ಸ್-ಜಾನ್ಸನ್ ರೋಗಕ್ಕೆ ಕಾರಣವಾಗಬಲ್ಲದು. ಏಷ್ಯಾದ ಜನರಲ್ಲಿ ಈ ರೂಪ ಹೆಚ್ಚು. ಭಾರತದ ರೋಗಿಗಳಲ್ಲೂ ಈ ನಂಟು ಕಂಡಿದೆ. ಔಷಧ ಶುರುವಾದ ವಾರಗಳಲ್ಲಿ ಜ್ವರದೊಂದಿಗೆ ಬಾಯಿಹುಣ್ಣು, ಮೈಯಲ್ಲಿ ಗುಳ್ಳೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಲಸಿಕೆ ಮತ್ತು ಅಳತೆ

ಭಾರತದಲ್ಲಿ ಮಕ್ಕಳಿಗೆ ಸಾಮೂಹಿಕವಾಗಿ ಮೆದುಳು ಜ್ವರದ ಲಸಿಕೆ ಹಾಕುವ ಕಾರ್ಯಕ್ರಮ 2006ರಲ್ಲಿ ಆರಂಭವಾಯಿತು; ಕರ್ನಾಟಕದಲ್ಲಿ ಮೊದಲ ಜಿಲ್ಲೆ ಬಳ್ಳಾರಿ. ಆಗ ಬಳಸಿದ್ದು ಚೀನಾದಲ್ಲಿ ತಯಾರಾದ ಎಸ್‌ಎ 14-14-2 ಎಂಬ ಜೀವಂತ, ಆದರೆ ದುರ್ಬಲಗೊಳಿಸಿದ ತಳಿ. ರೋಗ ನೆಲೆಯಾಗಿರುವ ಜಿಲ್ಲೆಗಳಲ್ಲಿ ಈಗ ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ಕೊಡುತ್ತಾರೆ. 2022ರ ಡಿಸೆಂಬರಿನಲ್ಲಿ ರಾಜ್ಯದ ಇನ್ನೂ ಹತ್ತು ಜಿಲ್ಲೆಗಳ ಸುಮಾರು 48 ಲಕ್ಷ ಮಕ್ಕಳನ್ನು ಗುರಿಯಾಗಿಟ್ಟು ಅಭಿಯಾನ ನಡೆಯಿತು.

ಜೀವಂತ ಲಸಿಕೆ ಕೋಶವನ್ನು ಹೊಕ್ಕು ಹತ್ತೂ ಪ್ರೋಟೀನುಗಳನ್ನು ತಯಾರಿಸುತ್ತದೆ. ಎನ್‌ಎಸ್3ರ ತುಣುಕುಗಳೂ ಎಂಎಚ್‌ಸಿ-1ರಲ್ಲಿ ಕಾಣುತ್ತವೆ. ನಿಷ್ಕ್ರಿಯ ಲಸಿಕೆಯ ಶುದ್ಧೀಕರಿಸಿದ ಕಣಗಳಲ್ಲಿ ಮುಖ್ಯವಾಗಿ ಮೈಕಟ್ಟಿನ ಪ್ರೋಟೀನುಗಳಿರುತ್ತವೆ. ಅದರ ಬಲ ಇರುವುದು ಹೊದಿಕೆಯ ವಿರುದ್ಧದ ಪ್ರತಿಕಾಯದಲ್ಲಿ. ಆ ಬಲ ಕಡಿಮೆಯದೇನಲ್ಲ. ಕೋಲಾರದ ತಳಿಯಿಂದ ಮಾಡಿದ ಲಸಿಕೆ ಬೇರೆ ಬೇರೆ ಕಾಲ, ದೇಶಗಳ ವೈರಸ್ ತಳಿಗಳನ್ನೂ ತಡೆಯುವ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ ಎಂದು 2015ರ ಅಧ್ಯಯನ ತೋರಿಸಿದೆ. ದುರ್ಬಲಗೊಂಡದ್ದಾದರೂ ಜೀವಂತವಾದ ವೈರಸ್ಸನ್ನು ಕೊಡಲಾಗದ, ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ ನಿಷ್ಕ್ರಿಯ ಲಸಿಕೆಯೇ ಸುರಕ್ಷಿತ. ಸೊಳ್ಳೆಯಿಂದ ಬಂದ ವೈರಸ್ ಮೆದುಳಿಗೆ ತಲುಪುವ ಮುನ್ನ ರಕ್ತದಲ್ಲೇ ಹಿಡಿಯಲು ಪ್ರತಿಕಾಯಕ್ಕಿಂತ ಒಳ್ಳೆಯ ಸಾಧನವಿಲ್ಲ.

ಆದರೂ ಅಳತೆಯಲ್ಲಿ ಒಂದು ಕೊರತೆ ಇದೆ. ಲಸಿಕೆ ಫಲಿಸಿತೇ ಎಂದು ನೋಡುವುದು ವೈರಸ್ಸನ್ನು ತಟಸ್ಥಗೊಳಿಸುವ ಪ್ರತಿಕಾಯದಿಂದ. ರಕ್ತದ ದ್ರವವನ್ನು ಹತ್ತು ಪಟ್ಟು ತೆಳುಗೊಳಿಸಿದರೂ ವೈರಸ್ಸನ್ನು ತಡೆದರೆ ಮಗು ಸುರಕ್ಷಿತ ಎಂದು ಲೆಕ್ಕ. ಈ ಪರೀಕ್ಷೆಗೆ ಬೇಕಾದ ಆ ದ್ರವವನ್ನು, ಅಂದರೆ ಸೀರಮ್ಮನ್ನು, ಐಸ್ ಡಬ್ಬಿಯಲ್ಲಿಟ್ಟು ಎಷ್ಟು ದೂರಕ್ಕಾದರೂ ಒಯ್ಯಬಹುದು. ಟಿ ಕೋಶಗಳ ಪರೀಕ್ಷೆಗೆ ಕೋಶಗಳು ಬದುಕಿರಬೇಕು: ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಬಿಳಿಕೋಶಗಳನ್ನು ಬೇರ್ಪಡಿಸಿ, ಕೂಡಲೇ ಬಳಸಬೇಕು ಇಲ್ಲವೇ ದ್ರವ ಸಾರಜನಕದಲ್ಲಿ ಹಿಮಗಟ್ಟಿಸಬೇಕು. ಹೆಚ್ಚಿನ ಲಸಿಕಾ ಸಮೀಕ್ಷೆಗಳು ಇದೇ ಕಾರಣಕ್ಕೆ ಅದನ್ನು ಕೈಬಿಡುತ್ತವೆ. ಕೋಲಾರದ ಮಟ್ಟಿಗೆ ಆ ಕಾರಣ ಗಟ್ಟಿಯಲ್ಲ. ವೈರಸ್ಸಿನ ತಳಿ ಕೊಟ್ಟ ಈ ಜಿಲ್ಲೆಯ ಕೇಂದ್ರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ವಕ್ಕಲೇರಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದೊಳಗೆ ಪ್ರಯೋಗಾಲಯದ ಮೇಜಿನ ಮೇಲಿರಬಹುದು. ಎರಡೂ ಬಗೆಯ ಲಸಿಕೆ ಪಡೆದ ಮಕ್ಕಳ ಟಿ ಕೋಶಗಳನ್ನು ಅಕ್ಕಪಕ್ಕದಲ್ಲಿಟ್ಟು, ಎನ್‌ಎಸ್3ರ ಆ 193ರಿಂದ 324ರ ತುಣುಕುಗಳಿಗೆ ಯಾರದು ಎಷ್ಟು ಎಚ್ಚೆತ್ತುಕೊಳ್ಳುತ್ತದೆ ಎಂದು ಅಳೆಯಲು ಬೇಕಾದ ವಿಧಾನಗಳೂ ಪರಿಣತರೂ ಆ ನಗರದಲ್ಲೇ ಇದ್ದಾರೆ.